ಗೆಳೆಯನಿಗೊಂದು ಪತ್ರ: ಧರ್ಮಸ್ಥಳಕ್ಕೆ ನಡೆಯುವ ಮುಂಚೆ ಉಗುರು ಕತ್ತರಿಸಿಕೋ

ವಿಜಯನಗರ, ಬೆಂಗಳೂರು

ಲೋ ಗೆಳೆಯ,

ನಿನ್ನೆ ರಾತ್ರಿ ನೀನು ಕಳಿಸಿದ ಮೆಸೇಜ್ ನೋಡಿ ಮನೆಯವರೆಲ್ಲ ನಕ್ಕರು. ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದೇ ಹೋಗುತ್ತೀಯಂತೆ. ಕರಿಬೇವಿನ ಸೊಪ್ಪು ತರಲೂ ಸ್ಕೂಟರ್ ತೆಗೆಯುವ ಮನುಷ್ಯ ನೀನು. ಜೊತೆಗೆ ಮೂರು ಶೂಗಳ ಫೋಟೊ ಬೇರೆ ಹಾಕಿ "ಯಾವುದು ತಗೊಳ್ಳಲಿ" ಅಂತ ಕೇಳಿದ್ದೀಯ.

ಬೇಡ ಅನ್ನುವುದಿಲ್ಲ. 2025ರಲ್ಲಿ ಹೊರಟಾಗ ನಾನೂ ಹಾಗೇ ಇದ್ದೆ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ಹ್ಞೂಂ" ಅಂದು ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ, ನಿನ್ನಂಥವರು ಊರಲ್ಲಿ ಇನ್ನೂ ಇರುತ್ತಾರೆ.

ಮೊದಲು ಶೂ ವಿಷಯ. ಆ ಮೂರರಲ್ಲಿ ಯಾವುದಾದರೂ ಸರಿ, ಆದರೆ ಈಗಲೇ ತಗೋ. ನಾನು ಹೊರಡುವ ಹಿಂದಿನ ದಿನ ಹೊಸ ಶೂ ತಂದೆ. ಅಂಗಡಿಯಲ್ಲಿ ಹಾಕಿದಾಗ ಕಾಲಿಗೆ ಹೇಳಿ ಮಾಡಿಸಿದ ಹಾಗಿತ್ತು. ತಪ್ಪಾಗಿದ್ದೇ ಅಲ್ಲಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ನಡೆದರೆ ಕಾಲು ಊದುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಸೋಲೂರು ದಾಟುವಾಗ ಎರಡೂ ಹೆಬ್ಬೆರಳು ಶೂ ಮೂತಿಗೆ ತಿವಿಯುತ್ತಿದ್ದವು. ಕುಣಿಗಲ್ ಹೊತ್ತಿಗೆ ಬಲಗಾಲಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಅಲ್ಲೇ ಒಂದು ಅಂಗಡಿಯಲ್ಲಿ ಹತ್ತನೇ ನಂಬರಿನ ಹವಾಯಿ ಚಪ್ಪಲಿ ಕೊಂಡೆ. ನನ್ನ ನಂಬರ್ ಎಂಟು. ಅಂಗಡಿಯಾತ ನನ್ನ ಕಾಲು ನೋಡಿ, ಕೊರಳಿನ ಟವೆಲ್ ನೋಡಿ, "ಹತ್ತು ಕೊಡ್ತೀನಿ ಸ್ವಾಮಿ, ಎಂಟು ನಿಮಗೆ ಮುಂದಿನ ತಿಂಗಳು ಆಗುತ್ತೆ" ಅಂದ. ಪ್ರತಿ ವರ್ಷ ಅವನು ನನ್ನಂಥವರನ್ನು ಎಷ್ಟು ಜನ ನೋಡುತ್ತಾನೋ!

ಹಾಗಾಗಿ ಅರ್ಧ ಅಥವಾ ಒಂದು ನಂಬರ್ ದೊಡ್ಡದು ತಗೋ. ಸಂಜೆ ಹೊತ್ತು ಅಂಗಡಿಗೆ ಹೋಗು, ಆಗ ಕಾಲು ಸ್ವಲ್ಪ ಊದಿರುತ್ತದೆ. ನಡೆಯುವಾಗ ಹಾಕುವ ಸಾಕ್ಸ್ ಹಾಕಿಕೊಂಡೇ ಅಳತೆ ನೋಡು. ಹೊರಡುವ ಎರಡು ದಿನ ಮುಂಚೆ ಕಾಲುಗುರು ನೇರವಾಗಿ ಕತ್ತರಿಸಿಕೋ, ಮೂಲೆ ಒಳಗೆ ಕೊರೆಯಬೇಡ. ಸಾಕ್ಸ್ ನಾಲ್ಕು ಜೊತೆ ಇರಲಿ. ಬೆಳಗ್ಗೆ ಬೆರಳ ಸಂದಿಗೆಲ್ಲ ವ್ಯಾಸಲಿನ್ ಮೆತ್ತಿಕೋ. ತೊಡೆ ಸಂದಿಗೂ. ನಗಬೇಡ. ನಮ್ಮ ಗುಂಪಿನಲ್ಲಿ ಇಪ್ಪತ್ತೆರಡು ಜನರಿದ್ದೆವು. ಮೂರನೇ ದಿನ ಅದರಲ್ಲಿ ಒಂಬತ್ತು ಜನ ಕಾಲು ಅಗಲಿಸಿಕೊಂಡು, ಆಗಷ್ಟೇ ಕುದುರೆಯಿಂದ ಇಳಿದವರ ಹಾಗೆ ನಡೆಯುತ್ತಿದ್ದರು. ಕಾರಣ ಜೀನ್ಸ್ ಪ್ಯಾಂಟು.

ಇನ್ನು ಬೊಬ್ಬೆ. ಬೊಬ್ಬೆ ಬಂತು ಅಂತ ಬೊಬ್ಬೆ ಹಾಕಬೇಡ, ಎಲ್ಲರಿಗೂ ಬರುತ್ತದೆ. ಹಿಮ್ಮಡಿಯಲ್ಲೋ ಬೆರಳಲ್ಲೋ ಉರಿ ಶುರುವಾದ ಕೂಡಲೇ ಕೂತು ಶೂ ಬಿಚ್ಚು, ಆ ಜಾಗ ಒರೆಸಿ ಮೆಡಿಕಲ್ ಟೇಪ್ ಅಂಟಿಸು. "ಮುಂದಿನ ಊರಲ್ಲಿ ನೋಡೋಣ" ಅಂದೆಯೋ, ಮುಂದಿನ ಊರಿಗೆ ಅದು ನಿಂಬೆಹಣ್ಣಿನಷ್ಟಾಗಿರುತ್ತದೆ. ಚಿಕ್ಕದಿದ್ದರೆ ಒಡೆಯಬೇಡ. ನಡೆಯಲಿಕ್ಕೇ ಆಗದಷ್ಟು ದೊಡ್ಡದಾದರೆ, ಚೆನ್ನಾಗಿ ತೊಳೆದು, ಸ್ಪಿರಿಟ್‌ನಲ್ಲಿ ಅದ್ದಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆದು, ಮೇಲಿನ ಚರ್ಮ ಹಾಗೇ ಬಿಟ್ಟು ಔಷಧಿ ಹಚ್ಚಿ ಪಟ್ಟಿ ಕಟ್ಟಬೇಕು. ಸಕ್ಕರೆ ಕಾಯಿಲೆ ಇರುವವರಂತೂ ಸ್ವಂತ ಡಾಕ್ಟರಿಕೆ ಮಾಡಲೇಬಾರದು. ದಾರಿಯಲ್ಲಿ ಒಂದು ಶಿಬಿರದ ನರ್ಸಮ್ಮ ನಮಗೆಲ್ಲ ಹೀಗೆ ಹೇಳಿ ಬೈದರು. ಅಷ್ಟರಲ್ಲಿ ನಮ್ಮ ಗುಂಪಿನ ಟೈಲರ್ ಅಣ್ಣ ಆರು ಜನರ ಬೊಬ್ಬೆಗೆ ಸೂಜಿ ದಾರ ಪೋಣಿಸಿ ಆಗಿತ್ತು. ಕೆಂಪು ದಾರ. ಕಾಜಾ ಹೊಲಿದ ಹಾಗೆ ಕಾಣುತ್ತಿತ್ತು.

ದಾರಿ ಹೇಳುತ್ತೇನೆ. ನಾವು ಹೊರಟಿದ್ದು ಫೆಬ್ರವರಿ 16ರ ಭಾನುವಾರ ರಾತ್ರಿ, ಗೊರಗುಂಟೆಪಾಳ್ಯದಿಂದ. ಶಿವರಾತ್ರಿ 26ಕ್ಕಿತ್ತು. ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ. ಅಲ್ಲಿಂದ ಸಕಲೇಶಪುರ ಹಿಡಿದು ಶಿರಾಡಿ ಘಾಟಿ ಇಳಿಯುವವರೂ ಇದ್ದಾರೆ. ನಾವು ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಬಂದೆವು. ಒಟ್ಟು ಸುಮಾರು 300 ಕಿಲೋಮೀಟರ್. ದಿನಕ್ಕೆ 35ರ ಲೆಕ್ಕ. ಪೇಪರ್ ಮೇಲೆ ಏನೂ ಅನ್ನಿಸುವುದಿಲ್ಲ, ಅಲ್ವಾ?

ಮೊದಲ ರಾತ್ರಿ ಎಲ್ಲರಿಗೂ ಹುಮ್ಮಸ್ಸು. ಪೀಣ್ಯ ಫ್ಲೈಓವರ್ ಪಕ್ಕದಲ್ಲಿ ನಾನು ಹೆಚ್ಚುಕಡಿಮೆ ಓಡುತ್ತಿದ್ದೆ. ಹನ್ನೊಂದನೇ ಸಲ ಹೊರಟಿದ್ದ ನಮ್ಮ ಗುರುಸ್ವಾಮಿ, ಅರವತ್ತರ ಆಸುಪಾಸಿನ ತರಕಾರಿ ವ್ಯಾಪಾರಿ, ಹಿಂದಿನಿಂದ ಕೂಗಿದರು: "ಮಂಜುನಾಥ ಎಲ್ಲೂ ಹೋಗಲ್ಲ ಕಣಪ್ಪ, ಅಲ್ಲೇ ಇರ್ತಾನೆ." ನಾನು ಕೇಳಲಿಲ್ಲ. ಎರಡನೇ ದಿನ ಮಧ್ಯಾಹ್ನ ಅವರು ಎಲೆ ಅಡಿಕೆ ಹಾಕುತ್ತಾ ನನ್ನ ದಾಟಿಕೊಂಡು ಹೋದರು. ತಿರುಗಿಯೂ ನೋಡಲಿಲ್ಲ. ಮೊದಲ ಎರಡು ದಿನ ನಿನಗೆ ಎಷ್ಟು ನಿಧಾನ ಅನ್ನಿಸುತ್ತದೋ ಅದಕ್ಕಿಂತಲೂ ನಿಧಾನ ನಡಿ. ಈ ಪತ್ರದಲ್ಲಿ ಬೇರೆ ಯಾವುದನ್ನು ಮರೆತರೂ ಇದನ್ನು ಮರೆಯಬೇಡ.

ಬೆಳಗ್ಗೆ ಮೂರಕ್ಕೆ ಎದ್ದು ಹೊರಡಬೇಕು. ಹನ್ನೊಂದರೊಳಗೆ ದಿನದ ಮುಕ್ಕಾಲು ದಾರಿ ಮುಗಿಸಿ, ಎಲ್ಲಾದರೂ ದೇವಸ್ಥಾನದ ಜಗುಲಿಯಲ್ಲೋ ಮರದ ಕೆಳಗೋ ಬಿದ್ದುಕೊಂಡು, ನಾಲ್ಕರ ಮೇಲೆ ಮತ್ತೆ ಹೊರಡುವುದು. ಪಶ್ಚಿಮಕ್ಕೆ ನಡೆಯುವುದರಿಂದ ಬೆಳಗಿನ ಬಿಸಿಲು ಕತ್ತಿನ ಹಿಂಭಾಗ ಸುಡುತ್ತದೆ, ಸಂಜೆಯದ್ದು ಮುಖಕ್ಕೆ ಹೊಡೆಯುತ್ತದೆ. ಒಂದು ಒದ್ದೆ ಟವೆಲ್ ಎರಡಕ್ಕೂ ಆಗುತ್ತದೆ. ಕತ್ತಲಲ್ಲಿ ರಸ್ತೆಯ ಬಲಗಡೆ ನಡಿ, ಎದುರು ಬರುವ ಲಾರಿ ನಿನ್ನ ಕಣ್ಣಿಗೆ ಬೀಳಬೇಕು. ಬ್ಯಾಗಿಗೂ ಅಂಗಿಗೂ ಮಿಂಚುವ ಪಟ್ಟಿ ಅಂಟಿಸು, ಟಾರ್ಚ್ ಇರಲಿ, ಕಿವಿಗೆ ಇಯರ್‌ಫೋನ್ ಬೇಡ. ಇದರಲ್ಲಿ ತಮಾಷೆ ಇಲ್ಲ. ಹೈವೇ ಪಕ್ಕ ಮೂರು ಗಂಟೆ ರಾತ್ರಿಯಲ್ಲಿ ಲಾರಿ ಡ್ರೈವರ್‌ಗೂ ನಿದ್ದೆ, ನಮಗೂ ನಿದ್ದೆ.

ಟವೆಲ್ ಅಂದಾಗ ನೆನಪಾಯಿತು. ಬೆಳ್ಳೂರು ಕ್ರಾಸ್ ಹತ್ತಿರ ನನ್ನ ಕೇಸರಿ ಟವೆಲ್ ಒಗೆದು, ಒಣಗಲಿ ಅಂತ ಕೋಲಿನ ತುದಿಗೆ ಕಟ್ಟಿ ಹೆಗಲ ಮೇಲೆ ಇಟ್ಟುಕೊಂಡು ನಡೆಯುತ್ತಿದ್ದೆ. ಹೊಟ್ಟೆ ಸರಿ ಇರಲಿಲ್ಲ, ಗುಂಪು ಬಿಟ್ಟು ಸ್ವಲ್ಪ ಜೋರಾಗಿ ಹೊರಟೆ. ಒಂದು ಪೆಟ್ರೋಲ್ ಬಂಕ್ ಕಂಡಿತು, ರಸ್ತೆ ಬಿಟ್ಟು ಸೀದಾ ಅದರ ಹಿಂದಿನ ಶೌಚಾಲಯದ ಕಡೆ ತಿರುಗಿದೆ. ಬಾಗಿಲು ತೆಗೆಯುವ ಮುಂಚೆ ಯಾಕೋ ಹಿಂದೆ ನೋಡುತ್ತೇನೆ, ಗುರುತು ಪರಿಚಯ ಇಲ್ಲದ ಹದಿನೈದು ಜನ ನನ್ನ ಹಿಂದೆ ಸಾಲಾಗಿ ನಿಂತಿದ್ದಾರೆ! ಬಾವುಟ ಹಿಡಿದವನು ಮುಂದಾಳು ಅಂದುಕೊಂಡು ಅರ್ಧ ಕಿಲೋಮೀಟರ್‌ನಿಂದ ಹಿಂಬಾಲಿಸಿದ್ದರಂತೆ. ಒಬ್ಬರು ಬಹಳ ಭಕ್ತಿಯಿಂದ "ಇಲ್ಲಿ ಏನು ವ್ಯವಸ್ಥೆ ಸ್ವಾಮಿ?" ಅಂತ ಕೇಳಿದರು. ಇರುವ ವ್ಯವಸ್ಥೆ ಹೇಳಿದೆ. ಅದರಲ್ಲಿ ಹತ್ತು ಜನ ಅಲ್ಲೇ ಕ್ಯೂ ನಿಂತರು.

ಊಟದ ಚಿಂತೆ ಬೇಡ. ಶಿವರಾತ್ರಿ ವಾರದಲ್ಲಿ ರಸ್ತೆಯುದ್ದಕ್ಕೂ ಊರಿನವರು ಪೆಂಡಾಲ್ ಹಾಕಿರುತ್ತಾರೆ. ಮಜ್ಜಿಗೆ, ಪಾನಕ, ಕಲ್ಲಂಗಡಿ, ಚಿತ್ರಾನ್ನ, ಕೆಲವು ಕಡೆ ಕಾಲು ನೀವುವವರೂ ಇರುತ್ತಾರೆ. ನಿನ್ನ ವಯಸ್ಸಿನ ಗಂಡಸು ಒಬ್ಬ ಕೆಳಗೆ ಕೂತು ನಿನ್ನ ಕೊಳಕು ಪಾದ ತೊಡೆಯ ಮೇಲಿಟ್ಟು ಎಣ್ಣೆ ಹಚ್ಚಿದರೆ ಏನು ಮಾಡುವುದು ಅಂತ ಗೊತ್ತಾಗುವುದಿಲ್ಲ. ನಾನು "ಬೇಡ ಅಣ್ಣ, ಬೇಡ" ಅಂತ ಕಾಲು ಎಳೆದುಕೊಂಡೆ. ಅವನು ಬಿಡಲಿಲ್ಲ. "ನನಗೆ ಬರಕ್ಕಾಗಲ್ಲ, ಅಂಗಡಿ ಇದೆ. ನಿಮ್ಮ ಕಾಲಾದ್ರೂ ಹೋಗಲಿ" ಅಂದ. ನಾನು ಸುಮ್ನೆ ಕೂತೆ.

ಆದರೆ ಸಿಕ್ಕಿದ್ದನ್ನೆಲ್ಲ ತಿನ್ನಬೇಡ. ನಾನು ಒಂದೇ ಬೆಳಗ್ಗೆ ಐದು ಲೋಟ ಪಾನಕ, ಮೂರು ತಟ್ಟೆ ಚಿತ್ರಾನ್ನ ಹೊಡೆದಿದ್ದೆ. ಪೆಟ್ರೋಲ್ ಬಂಕ್ ಕಥೆಯ ಮೂಲ ಅದೇ. ಬರೀ ನೀರು ಕುಡಿಯುತ್ತಾ ಹೋದರೂ ಸಾಲದು, ಬೆವರಿನಲ್ಲಿ ಉಪ್ಪು ಹೋಗಿರುತ್ತದೆ. ಓಆರ್‌ಎಸ್ ಪೊಟ್ಟಣ ಇಟ್ಟುಕೋ, ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಇಲ್ಲದಿದ್ದರೆ ಒಂದು ಲೀಟರ್‌ಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹಾಕಿದ ಮಜ್ಜಿಗೆ ಸಿಕ್ಕಿದರೆ ಬಿಡಬೇಡ.

ಹಿರೀಸಾವೆಯಲ್ಲಿ ನಿನಗೊಂದು ಪರೀಕ್ಷೆ ಇದೆ. ನಾಲ್ಕನೇ ದಿನ ಅಲ್ಲಿ ಟೀ ಕುಡಿಯುತ್ತಾ ಕೂತಿದ್ದೆ, ಕಾಲು ನನ್ನದೇ ಅಲ್ಲ ಅನ್ನಿಸುತ್ತಿತ್ತು. ಎದುರಿಗೆ ಒಂದು ಕೆಂಪು ಬಸ್ಸು ನಿಂತಿತು. ಕಂಡಕ್ಟರ್ ಇಳಿದು "ಬೆಂಗಳೂರ್ ಬೆಂಗಳೂರ್ ಬೆಂಗಳೂರ್" ಅಂತ ಕೂಗುತ್ತಾನೆ. ಕಿಟಕಿ ಪಕ್ಕದ ಸೀಟು ಖಾಲಿ. ಮೂರು ಗಂಟೆಯಲ್ಲಿ ಮನೆ. ನಾಲ್ಕು ದಿನ ಒದ್ದಾಡಿ ನಡೆದಿದ್ದು ಬರೀ ಮೂರು ಗಂಟೆ ದೂರ! ಕಂಡಕ್ಟರ್‌ಗೆ ನನ್ನ ಮುಖದಲ್ಲಿ ಏನು ಕಂಡಿತೋ, "ಬರ್ತೀರಾ?" ಅಂದ. ಉತ್ತರ ಕೊಡುವ ಮುಂಚೆ ಗುರುಸ್ವಾಮಿ ನನ್ನ ಕೈಗೆ ಅವರ ಚೀಲ ಕೊಟ್ಟು "ಇದನ್ನ ಸ್ವಲ್ಪ ಹಿಡ್ಕೊ, ಬಂದೆ" ಅಂತ ಎದ್ದು ಹೋದರು. ಬೇರೆಯವರ ಚೀಲ ಹಿಡಿದುಕೊಂಡು ಬಸ್ಸು ಹತ್ತುವುದು ಹೇಗೆ? ಬಸ್ಸು ಹೋಯಿತು. ಅವರು ಅರ್ಧ ಗಂಟೆ ಬಿಟ್ಟು ಬಂದರು, ಎಲ್ಲಿಗೆ ಹೋಗಿದ್ದರು ಅಂತ ಹೇಳಲಿಲ್ಲ.

"ಇನ್ನೆಷ್ಟು ದೂರ" ಅಂತ ಯಾರನ್ನೂ ಕೇಳಬೇಡ. ಹಾಸನದ ಕಡೆ "ಇಲ್ಲೇ ಕಣ್ಲಾ, ಒಂದು ಬೀಡಿ ದೂರ" ಅನ್ನುತ್ತಾರೆ. ಆ ಬೀಡಿ ಒಂದೂವರೆ ಗಂಟೆ ಉರಿಯುತ್ತದೆ. ಮೂಡಿಗೆರೆ ದಾಟಿದ ಮೇಲೆ "ಒಂದೆರಡು ತಿರುವು ಅಷ್ಟೇ ಮಾರಾಯ" ಅನ್ನುತ್ತಾರೆ, ತಿರುವು ಮುಗಿಯುವುದೇ ಇಲ್ಲ. ಘಾಟಿ ಕೆಳಗೆ "ಎಂತ ದೂರ ಮಾರಾಯ್ರೆ, ಬಂತಲ್ಲ!" ಅಂದರು. ಅಲ್ಲಿಂದ ಇನ್ನೂ ಇಪ್ಪತ್ತು ಕಿಲೋಮೀಟರ್ ಇತ್ತು. ಮಾತು ಹೀಗೆ ಊರೂರಿಗೆ ಬದಲಾಗುವುದನ್ನು ಕಾರಿನಲ್ಲಿ ಹೋದಾಗ ನಾನು ಗಮನಿಸಿಯೇ ಇರಲಿಲ್ಲ.

ಬೇಲೂರಿನಲ್ಲಿ ಚೆನ್ನಕೇಶವನ ಗುಡಿಗೆ ಹೋದೆವು. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ್ದು. ಎಲ್ಲರೂ ಮದನಿಕೆಯರ ಸೊಂಟ, ಬಳೆ, ಕನ್ನಡಿ ನೋಡುತ್ತಾರೆ. ನಾವು ಇಪ್ಪತ್ತೆರಡು ಜನ ತಲೆ ಎತ್ತಿ ಅವರ ಪಾದ ನೋಡುತ್ತಾ ನಿಂತಿದ್ದೆವು. "ಒಂಬೈನೂರು ವರ್ಷದಿಂದ ನಿಂತಿದ್ದಾರೆ, ಒಂದು ಬೊಬ್ಬೆ ಇಲ್ಲ ನೋಡು" ಅಂದ ಟೈಲರ್ ಅಣ್ಣ.

ಘಾಟಿ ಇಳಿಯುವುದು ಸುಲಭ ಅಂದುಕೊಂಡಿದ್ದೀಯಾ? ನಾನೂ ಹಾಗೇ ಅಂದುಕೊಂಡಿದ್ದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹಾಡು ಹೇಳುತ್ತಾ ಹೊರಟವರು, ಐದನೇ ತಿರುವಿಗೆ ಮಾತು ನಿಲ್ಲಿಸಿದೆವು. ಇಳಿಜಾರಿನಲ್ಲಿ ಮೈಭಾರವೆಲ್ಲ ಮಂಡಿ ಮೇಲೆ, ಬೆರಳು ಮತ್ತೆ ಶೂ ಮೂತಿಗೆ. ಲೇಸ್ ಕಣಕಾಲಿನ ಹತ್ತಿರ ಬಿಗಿಯಾಗಿ ಕಟ್ಟು, ಸಣ್ಣ ಹೆಜ್ಜೆ ಇಡು, ಕೋಲು ಊರು. ಆನೆ ಓಡಾಡುವ ಕಾಡು ಅದು. ಹಗಲು ಹೊತ್ತಿನಲ್ಲೇ, ಗುಂಪಿನಲ್ಲೇ ಇಳಿ, ಒಳದಾರಿ ಹಿಡಿಯುವ ಸಾಹಸ ಬೇಡ. ಇನ್ನೊಂದು ಹೇಳಲೇಬೇಕು. ಆ ಘಾಟಿಯಲ್ಲಿ ನಮ್ಮ ಜನ ಎಸೆದ ನೀರಿನ ಬಾಟಲಿ, ಪೇಪರ್ ಲೋಟ ನೋಡಿ ನಾಚಿಕೆಯಾಯಿತು. ದೇವರ ಹೆಸರು ಕೂಗುತ್ತಲೇ ಬಾಟಲಿ ಪ್ರಪಾತಕ್ಕೆ ಬಿಸಾಡುತ್ತಾರೆ. ನೀನು ಒಂದು ಸ್ಟೀಲ್ ಲೋಟ ಬ್ಯಾಗಿಗೆ ಕಟ್ಟಿಕೊಂಡು ಹೋಗು. ಟಣಟಣ ಸದ್ದು ಮಾಡುತ್ತದೆ, ಮಾಡಲಿ ಬಿಡು.

ಕೊನೆಯ ದಿನ ನೇತ್ರಾವತಿ ಸ್ನಾನಘಟ್ಟದಲ್ಲಿ ನೀರಿಗೆ ಕಾಲಿಟ್ಟಾಗ ಉರಿಗೆ ಕಣ್ಣಲ್ಲಿ ನೀರು ಬಂತು. ಪಕ್ಕದಲ್ಲಿದ್ದವರು ಭಕ್ತಿ ಅಂದುಕೊಂಡು ಬೆನ್ನು ತಟ್ಟಿದರು. ದೇವಸ್ಥಾನದ ಒಳಗೆ ಗಂಡಸರು ಅಂಗಿ ಬನಿಯನ್ ತೆಗೆದು ಹೋಗಬೇಕಲ್ಲ, ಸಾಲಿನಲ್ಲಿ ನಿಂತಾಗ ಯಾರು ನಡೆದು ಬಂದವರು, ಯಾರು ಕಾರಿನಲ್ಲಿ ಬಂದವರು ಅಂತ ಕೇಳುವುದೇ ಬೇಕಾಗಲಿಲ್ಲ. ನಮ್ಮದೆಲ್ಲ ಎರಡು ಬಣ್ಣದ ಮೈ: ಮುಖ, ಕತ್ತು, ಮುಂಗೈ ಕಾಫಿ ಪುಡಿ, ಉಳಿದಿದ್ದೆಲ್ಲ ಹಾಲು. ಮೂರು ಗಂಟೆ ನಿಂತೆ. ದೇವರ ಮುಂದೆ ಸಿಕ್ಕಿದ್ದು ಹತ್ತು ಸೆಕೆಂಡು. ಮನೆಯಿಂದ ಬರೆದುಕೊಂಡು ಹೋಗಿದ್ದ ಬೇಡಿಕೆಯ ಪಟ್ಟಿ ಒಂದೂ ನೆನಪಾಗಲಿಲ್ಲ. "ಬಂದೆ" ಅಂದೆ, ಅಷ್ಟೇ.

ವಾಪಸ್ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಹಿರೀಸಾವೆಯಲ್ಲಿ ಆ ಟೀ ಅಂಗಡಿ ಬಂತು, ಗುರುಸ್ವಾಮಿಗೆ ತೋರಿಸೋಣ ಅಂತ ತಿರುಗಿದೆ. ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು.

ಈ ಭಾನುವಾರದಿಂದ ಅಭ್ಯಾಸ ಶುರು ಮಾಡೋಣ. ವಿಜಯನಗರದಿಂದ ಕೆಂಗೇರಿಗೆ ನಡಿಗೆ, ಬರುವಾಗ ಮೆಟ್ರೋ. ಮುಂದಿನ ವಾರ ಹೋಗುವಾಗ, ಬರುವಾಗ ಎರಡೂ ನಡಿಗೆ. ಬೆಳಗ್ಗೆ ಐದಕ್ಕೆ ಮೆಟ್ರೋ ಸ್ಟೇಷನ್ ಕೆಳಗೆ ನಿಂತಿರುತ್ತೇನೆ, ಐದೂಕಾಲಿಗೆ ಹೊರಟುಬಿಡುತ್ತೇನೆ. ಹತ್ತನೇ ನಂಬರಿನ ಆ ಹವಾಯಿ ಚಪ್ಪಲಿ ಇನ್ನೂ ಇದೆ, ತರುತ್ತೇನೆ. ಸ್ಕೂಟರ್ ಮನೆಯಲ್ಲೇ ಬಿಟ್ಟು ಬಾ.

ನಿನ್ನವ,
ಎಡಗಾಲಿನ ಉಗುರು ಮಾತ್ರ ಉಳಿಸಿಕೊಂಡವನು