ಕ್ಯಾಲೆಂಡರ್ ಹಾಳೆಯ ಲೆಕ್ಕ

ಶನಿವಾರ ಗೇಟ್ ಪಾಸ್ ವಾಪಸ್ ಕೊಟ್ಟು ಬಂದೆ. ಪುಣೆ ಹತ್ತಿರದ ಚಾಕಣದಲ್ಲಿ, ಕಾರು ಕಾರ್ಖಾನೆಯ ವೆಲ್ಡಿಂಗ್ ಲೈನಿನಲ್ಲಿ 14 ವರ್ಷ ನಿಂತವನು ನಾನು. ಕಂಪನಿಯ ವಿಆರ್‌ಎಸ್, ಅಂದರೆ ಹಣ ತೆಗೆದುಕೊಂಡು ಅವಧಿಗೆ ಮೊದಲೇ ಸ್ವಯಂ ನಿವೃತ್ತಿ ಪಡೆಯುವ ಯೋಜನೆಯಲ್ಲಿ ಕೆಲಸ ಬಿಟ್ಟೆ. ಫೋನ್ ಮಾಡಿದವರಿಗೆ, ಯೂನಿಯನ್ ಗೆಳೆಯರಿಗೆ, ಎರಡು ತಿಂಗಳು ಬಾಡಿಗೆ ಕೇಳದ ಮನೆ ಮಾಲೀಕರಿಗೆ, "ಊರಿಗೆ ಬಾ, ಹೊಲ ಇದೆ" ಎಂದ ವಿಜಯಪುರದ ಅಣ್ಣನಿಗೆ ಧನ್ಯವಾದ. (ಹೊಲ ಇದೆ, ನೀರಿಲ್ಲ. ಅದು ಅವನಿಗೂ ಗೊತ್ತು.)

ಜಾಸ್ತಿ ಹೇಳಬೇಕಿರುವುದು ಪೇಂಟ್ ಶಾಪಿನಲ್ಲಿದ್ದ ಆಳಂದದ ಹುಡುಗನ ಬಗ್ಗೆ. ಬೇರೆ ಕಡೆ ಕೆಲಸ ಹುಡುಕುತ್ತಿದ್ದಾನೆ, ಹೆಸರು ಹಾಕಬೇಡಿ ಕಾಕಾ ಎಂದಿದ್ದಾನೆ.

ಆ ರಾತ್ರಿಯ ಮಾತು: ವಿಆರ್‌ಎಸ್ ಫಾರ್ಮ್ ಕೊಡಲು ಮರುದಿನವೇ ಕೊನೆ. ಹೆಂಡತಿ, ಮಗಳು ಊರಲ್ಲಿದ್ದರು. ನನಗೆ ಸಹಿ ಹಾಕಲು ಕೈಯೇ ಬರುತ್ತಿರಲಿಲ್ಲ. ರಾತ್ರಿ ಒಂಬತ್ತಕ್ಕೆ ಅವನು ವಡಾಪಾವ್ ಕಟ್ಟಿಸಿಕೊಂಡು ಬಂದ. ಕ್ಯಾಲೆಂಡರಿನ ಹಳೇ ಹಾಳೆ ಹರಿದು ಹಿಂಬದಿಯಲ್ಲಿ ಲೆಕ್ಕ ಶುರು ಮಾಡಿದ. ತಿಂಗಳ ಬೇಸಿಕ್ ಸಂಬಳ, ಡಿಎ (ತುಟ್ಟಿಭತ್ಯೆ) ಕೂಡಿಸಿ 26ರಿಂದ ಭಾಗಿಸು, 15ರಿಂದ ಗುಣಿಸು, ಅದನ್ನು 14 ಸಲ. ಅದು ಗ್ರಾಚ್ಯುಟಿ, ದುಡಿದ ವರ್ಷಗಳಿಗೆ ಕೆಲಸ ಬಿಡುವಾಗ ಕಂಪನಿ ಕೊಡುವ ಹಣ. "ಪಿಎಫ್ ಪಿಂಚಣಿಗೆ 58ರ ತನಕ ಕೈ ಹಾಕಬೇಡಿ ಕಾಕಾ. ಮೊದಲೇ ತಗೊಂಡ್ರೆ ವರ್ಷಕ್ಕೆ ಶೇ. 4 ಹೋಗ್ತದೆ. ನಿಮಗೀಗ 51, ಏಳು ವರ್ಷಕ್ಕೆ ಹೆಚ್ಚುಕಡಿಮೆ ಕಾಲು ಭಾಗ."

ಇಷ್ಟು ಲೆಕ್ಕ ಹಾಕಿದವನಿಗೆ ಫಾರ್ಮೂ ಬಂದಿರಲಿಲ್ಲ, ಪ್ಯಾಕೇಜೂ ಇರಲಿಲ್ಲ. ಆರು ವಾರದ ಹಿಂದೆ ಗುತ್ತಿಗೆದಾರನ ಮೆಸೇಜ್ ಬಂದಿತ್ತು, ನಾಳೆಯಿಂದ ಬರಬೇಡ ಅಂತ. ಗ್ರಾಚ್ಯುಟಿಗೆ ಐದು ವರ್ಷ ತುಂಬಬೇಕು. ತುಂಬುವ ಮೊದಲೇ ಅವನ ಗುತ್ತಿಗೆದಾರ ಬದಲಾಗುತ್ತಿದ್ದ.

ರಾತ್ರಿ ಎರಡಕ್ಕೆ ನನ್ನ ತಲೆ ಕೆಟ್ಟಿತು. "ಪರ್ಮನೆಂಟ್ ಆಗಿದ್ರೆ ನಿಂಗೆ ಗೊತ್ತಾಗ್ತಿತ್ತು, ಎದ್ದು ಹೋಗು" ಎಂದು ಕಿರುಚಿದೆ. ಅವನು ಹೋಗಲಿಲ್ಲ. ಅಡುಗೆಮನೆಗೆ ಹೋಗಿ ಚಹಾ ಇಟ್ಟ. ನಾನು ಗೋಡೆಗೆ ಮುಖ ಮಾಡಿ ಅತ್ತೆ. ಅಪ್ಪ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಬೆಳಿಗ್ಗೆ ಬೈಕಿನಲ್ಲಿ ಕಾರ್ಖಾನೆ ತನಕ ಬಿಟ್ಟ. ಅವನಿಗೆ ಪಾಸ್ ಇಲ್ಲವಲ್ಲ, ಗೇಟಿನಾಚೆಯೇ ನಿಂತ. ಸಹಿ ಹಾಕಿ ಬರಲು ಎರಡು ಗಂಟೆ ಹಿಡಿಯಿತು. ಬಂದಾಗ ಬಿಸಿಲಲ್ಲೇ ಕಾಯುತ್ತಿದ್ದ.

ದುಡ್ಡು ಬಂದಿದೆ. ಮಗಳ ಕಾಲೇಜು ಫೀಸು ಕಟ್ಟಿದ್ದೇನೆ. ಹಾಳೆಯ ಲೆಕ್ಕಕ್ಕೂ ಬಂದ ಗ್ರಾಚ್ಯುಟಿಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ.

ಆ ರಾತ್ರಿಯ ಮಾತಿಗೆ ನಿನ್ನ ಹತ್ತಿರ ಕ್ಷಮೆ ಕೇಳಿಯೇ ಇಲ್ಲ. ಎದುರಿಗೆ ಬಾಯಿ ಬರಲಿಲ್ಲ, ಇಲ್ಲಿ ಕೇಳುತ್ತಿದ್ದೇನೆ. ಭಾನುವಾರ ಊಟಕ್ಕೆ ಬಾ. ಬಯೋಡೇಟಾ ತಗೊಂಡು ಬಾ, ನನ್ನ ಹಳೇ ಸೂಪರ್‌ವೈಸರ್ ಈಗ ತಳೇಗಾಂವ್ ಕಡೆ ಇದ್ದಾರೆ.