ಹೊಸ ಆವೃತ್ತಿ, ಮೂರನೇ ಸರ್ವರ್ ಮತ್ತು ಏರಿದ ಬಿಲ್

ಮಾನ್ಯ ಗ್ರಾಹಕರೇ,

ಮುಂದಿನ ತಿಂಗಳು ನಿಮ್ಮ ಡೇಟಾಬೇಸ್ ಸಾಫ್ಟ್‌ವೇರ್ ಪೋಸ್ಟ್‌ಗ್ರೆಸ್ ಆವೃತ್ತಿ 11ರಿಂದ 16ಕ್ಕೆ, ಅದರ ರೆಪ್ಲಿಕೇಶನ್ (ಡೇಟಾ ಇನ್ನೊಂದು ಸರ್ವರ್‌ಗೂ ನಕಲಾಗುತ್ತಿರುವುದು) ನೋಡಿಕೊಳ್ಳುವ ರೆಪ್‌ಎಂಜಿಆರ್ 4ರಿಂದ 5ಕ್ಕೆ ಹೋಗುತ್ತದೆ. ಒಂದು ಭಾನುವಾರ ರಾತ್ರಿ ಕೆಲಸ ನಿಲ್ಲುತ್ತದೆ. ಆ ತೊಂದರೆಗೆ ಕ್ಷಮೆಯಿರಲಿ. ಬಿಲ್ ಏರಿದ್ದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ, ಲೆಕ್ಕ ಒಪ್ಪಿಸುತ್ತೇವೆ.

"ಸಾಫ್ಟ್‌ವೇರ್ ಪುಕ್ಕಟೆ, ನಿಮ್ಮದೇನು ಖರ್ಚು?" ಅನ್ನುತ್ತೀರಿ. ಎರಡೂ ಪುಕ್ಕಟೆ, ನಿಜ. ಆದರೆ 11ನೇ ಆವೃತ್ತಿಗೆ 2023ರ ನವೆಂಬರ್‌ನಲ್ಲೇ ಭದ್ರತಾ ತಿದ್ದುಪಡಿಗಳು ನಿಂತಿವೆ. ನಿಮ್ಮ ಕಚೇರಿಯ ಮೂಲ ಸರ್ವರ್ 16 ಆಗಿ ಸ್ಟ್ಯಾಂಡ್‌ಬೈ (ಮೂಲ ಬಿದ್ದರೆ ಜಾಗ ತುಂಬಲು ಕಾದಿರುವ ಸರ್ವರ್) 11 ಆಗಿದ್ದರೆ ಈ ರೆಪ್ಲಿಕೇಶನ್ ನಡೆಯುವುದೇ ಇಲ್ಲ. ಹಾಗಾಗಿ ಬೆಂಗಳೂರಿನ ಸ್ಟ್ಯಾಂಡ್‌ಬೈಗೆ ಇಡೀ ಡೇಟಾ ಹೊಸದಾಗಿ ನಕಲಾಗಬೇಕು, ನಿದ್ದೆಗೆಟ್ಟು ಕಾಯುವವರು ನಮ್ಮ ಹುಡುಗರು. ಡೇಟಾ ಸೆಂಟರ್ ಬಾಡಿಗೆ ನಾವು ನಿಗದಿ ಮಾಡುವುದಲ್ಲ. ಬಿಲ್ಲಿನ ಕೊನೆಯ ಶೇ. 18 ಜಿಎಸ್‌ಟಿಯೂ ನಮ್ಮ ಜೇಬಿಗೆ ಬರುವುದಿಲ್ಲ.

ಇನ್ನು ಎಲ್ಲರೂ ಕೇಳುವ ಮಾತು: "ಇಷ್ಟು ದಿನ ಎರಡು ಸರ್ವರ್ ಸಾಕಿತ್ತು, ಮೂರನೆಯದು ಯಾಕೆ? ಬಿಲ್ ಹಿಗ್ಗಿಸೋಕಾ?"

ಇಷ್ಟು ದಿನ ಮೂಲ ಸರ್ವರ್ ಕೈಕೊಟ್ಟಾಗ ನಮ್ಮವರು ಫೋನೆತ್ತಿ, ನೋಡಿ, ಕೈಯಾರೆ ಸ್ಟ್ಯಾಂಡ್‌ಬೈಗೆ ಪಟ್ಟ ಕಟ್ಟುತ್ತಿದ್ದರು. ಅದು ತಾನಾಗಿಯೇ ಆಗಬೇಕು ಎಂದು ಕೇಳಿದ್ದು ನೀವೇ. ಶಿವಮೊಗ್ಗದಲ್ಲಿ ಜೆಸಿಬಿ ರಸ್ತೆ ಅಗೆದು ಫೈಬರ್ ಕಡಿದಿದೆ ಎನ್ನಿ. ನಿಮ್ಮ ಕಚೇರಿಯ ಸರ್ವರ್ ಚೆನ್ನಾಗಿಯೇ ಇದೆ, ರಸೀದಿ ಹರಿಯುತ್ತಲೇ ಇದೆ. ಬೆಂಗಳೂರಿನ ಸ್ಟ್ಯಾಂಡ್‌ಬೈಗೆ ಅದು ಸತ್ತಂತೆ ಕಾಣುತ್ತದೆ. ಅದೂ ಮೂಲವಾಗಿ ಕೂತರೆ, ಒಂದೇ ಸಂಘಕ್ಕೆ ಇಬ್ಬರು ಕಾರ್ಯದರ್ಶಿಗಳು ಎರಡು ರಸೀದಿ ಪುಸ್ತಕ ಹಿಡಿದು ಕೂತ ಹಾಗೆ. ಆಮೇಲೆ ಯಾವ ನಮೂದು ಸರಿ ಎಂದು ಕುಳಿತು ಬಿಡಿಸುವವರು ಯಾರು? 2018ರ ಅಕ್ಟೋಬರ್‌ನಲ್ಲಿ, ಸಾಫ್ಟ್‌ವೇರ್ ಬರೆಯುವವರು ಕೋಡ್ ಇಡುವ ದೊಡ್ಡ ತಾಣ ಗಿಟ್‌ಹಬ್‌ನಲ್ಲಿ ಸಂಪರ್ಕ ಕಡಿದದ್ದು 43 ಸೆಕೆಂಡ್. ಅಮೆರಿಕದ ಎರಡೂ ಕರಾವಳಿಯ ಡೇಟಾಬೇಸ್‌ಗಳಲ್ಲಿ ಬೇರೆ ಬೇರೆ ನಮೂದು ಉಳಿದು, ಸೇವೆ ಪೂರ್ತಿ ಸರಿಯಾಗಲು 24 ಗಂಟೆ 11 ನಿಮಿಷ ಹಿಡಿಯಿತು. ಅವರ ಬಳಿ ಜನರೂ ದುಡ್ಡೂ ಧಾರಾಳ, ನಮ್ಮ ನಿಮ್ಮ ಬಳಿ ಇಲ್ಲ.

ಮೂರನೆಯದು ವಿಟ್ನೆಸ್ ಸರ್ವರ್, ಅಂದರೆ ಸಾಕ್ಷಿ. ಮೂಲ ಇರುವ ನಿಮ್ಮ ಕಚೇರಿಯಲ್ಲೇ ಇರುತ್ತದೆ. ನಿಮ್ಮ ಡೇಟಾದ ನಕಲು ಅದರಲ್ಲಿರುವುದಿಲ್ಲ, ಆದ್ದರಿಂದ ಸಣ್ಣ ಯಂತ್ರ ಸಾಕು. ಮೂಲೆಯಲ್ಲಿ ಬಿದ್ದಿರುವ ಹಳೇ ಪಿಸಿ ಗಟ್ಟಿಯಾಗಿದ್ದರೆ ಅದನ್ನೇ ಹೂಡುತ್ತೇವೆ, ಹೊಸದನ್ನು ಕೊಳ್ಳಿ ಎಂದು ನಾವು ಹೇಳಿಲ್ಲ. ಸ್ಟ್ಯಾಂಡ್‌ಬೈಗೆ ವಿಟ್ನೆಸ್ ಕಂಡು ಮೂಲ ಕಾಣದಿದ್ದರೆ ಮೂಲವೇ ಬಿದ್ದಿದೆ ಎಂದರ್ಥ, ಸ್ಟ್ಯಾಂಡ್‌ಬೈ ಅದರ ಜಾಗ ತುಂಬುತ್ತದೆ. ಎರಡೂ ಕಾಣದಿದ್ದರೆ ಕಡಿದಿರುವುದು ದಾರಿ, ಅದು ಸುಮ್ಮನಿರುತ್ತದೆ. ಇದಕ್ಕೆ ದುಡ್ಡು ಹಾಕಲು ಮನಸ್ಸಿಲ್ಲದವರು ಹಳೇ ಕ್ರಮದಲ್ಲೇ ಇರಬಹುದು, ಬೇಸರವಿಲ್ಲ. ಎರಡೇ ಸರ್ವರಲ್ಲಿ ಆಟೊಮ್ಯಾಟಿಕ್ ಮಾಡಿಕೊಡಿ ಎಂದರೆ ಮಾತ್ರ ನಾವು ಒಲ್ಲೆವು.

ನಿಮ್ಮಲ್ಲಿ ಯಾರೋ ಎಂದೋ ಬರೆದಿಟ್ಟ ಸ್ಕ್ರಿಪ್ಟ್‌ಗಳಿದ್ದರೆ ಈಗಲೇ ಕಳಿಸಿ. ಸ್ಟ್ಯಾಂಡ್‌ಬೈ ಸೆಟ್ಟಿಂಗ್‌ಗಳನ್ನು ಬರೆದಿಡುತ್ತಿದ್ದ ರಿಕವರಿ.ಕಾನ್ಫ್ ಫೈಲನ್ನು ಪೋಸ್ಟ್‌ಗ್ರೆಸ್ 12ರಲ್ಲೇ ತೆಗೆದಿದ್ದಾರೆ. ಹಳೇ ಸ್ಕ್ರಿಪ್ಟ್ ಅದನ್ನು ಡೇಟಾ ಫೋಲ್ಡರ್‌ನಲ್ಲಿ ಇಟ್ಟರೆ ಹೊಸ ಸರ್ವರ್ ಏಳುವುದೇ ಇಲ್ಲ. ಇದನ್ನು ತಿದ್ದಿಕೊಡಲು ದುಡ್ಡು ಬೇಡ.

ರಾತ್ರಿ ಕರೆಯ ನಂಬರ್ ಅದೇ, ಎತ್ತುವವರೂ ಅವರೇ.

ಇಂತಿ,
ನಿಮ್ಮ ಡೇಟಾಬೇಸ್ ತಂಡ, ಶಿವಮೊಗ್ಗ