ಥೆರಪಿಯ ಜೊತೆಗೆ ಏನು ಸೇರಿಸಿಕೊಳ್ಳಲಿ ಅಂತ ಕೇಳಿದ್ದೆಯಲ್ಲ

ಪ್ರೀತಿಯ ಗೆಳೆಯ,

ಥೆರಪಿ ತುಂಬಾ ನಿಧಾನ ಅನ್ನಿಸುತ್ತಿದೆ, ಯೋಗ, ಧ್ಯಾನ, ಗಿಡಮೂಲಿಕೆ ಮಾತ್ರೆ ಏನಾದರೂ ಶುರು ಮಾಡಲೇ ಅಂತ ಬರೆದಿದ್ದೀಯ. ನೋಡು, ಏನೇ ಶುರು ಮಾಡುವುದಿದ್ದರೂ ಮೊದಲು ನಿನ್ನ ಥೆರಪಿಸ್ಟ್‌ಗೆ ಹೇಳು. ಒಳ್ಳೆಯ ಅಭ್ಯಾಸವೂ ಕೆಲವೊಮ್ಮೆ ಥೆರಪಿಗೆ ಅಡ್ಡ ಬರುತ್ತದೆ.

ಉಸಿರಾಟವನ್ನೇ ತೆಗೆದುಕೋ. ನಾಲ್ಕು ಎಣಿಸುತ್ತಾ ಉಸಿರು ಎಳೆದು, ಆರು ಎಣಿಸುತ್ತಾ ಬಿಟ್ಟರೆ ಎದೆಬಡಿತ ನಿಧಾನವಾಗುತ್ತದೆ. ಸೆಷನ್‌ಗೆ ಮುಂಚೆ ಐದು ನಿಮಿಷ ಹೀಗೆ ಕೂತರೆ ಮಾತು ಸಲೀಸಾಗಿ ಬರುತ್ತದೆ. ಆದರೆ ನಿನಗಿರುವುದು ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ನುಗ್ಗಿ ಬರುವ ವಿಪರೀತ ಭಯ. ನಿನ್ನ ಥೆರಪಿಸ್ಟ್ ನಿನ್ನನ್ನು ಬೇಕಂತಲೇ ಲಿಫ್ಟ್ ಹತ್ತಿಸುತ್ತಿದ್ದಾರೆ, ಎದೆ ಎಷ್ಟೇ ಹೊಡೆದುಕೊಂಡರೂ ಏನೂ ಆಗುವುದಿಲ್ಲ ಅಂತ ನಿನಗೇ ಗೊತ್ತಾಗಲಿ ಅಂತ. ಬಾಗಿಲು ಮುಚ್ಚಿದ ಕೂಡಲೇ ನೀನು ಎಣಿಸಲು ಶುರು ಮಾಡಿದರೆ, ಎಣಿಸಿದ್ದಕ್ಕೇ ಬಚಾವಾದೆ ಅಂತ ಮನಸ್ಸು ಅಂದುಕೊಳ್ಳುತ್ತದೆ. ಲಿಫ್ಟಿನ ಭಯ ಹಾಗೇ ಉಳಿಯುತ್ತದೆ. ಹತ್ತುವ ಮುಂಚೆ ಆತಂಕದ ಮಾತ್ರೆ ನುಂಗಿದರೂ ಇದೇ ತೊಂದರೆ. ಹಾಗಂತ ಡಾಕ್ಟರ್ ಕೊಟ್ಟ ಮಾತ್ರೆಯನ್ನು ನೀನಾಗಿಯೇ ನಿಲ್ಲಿಸಬೇಡ, ದಯವಿಟ್ಟು.

ನನ್ನನ್ನು ಕೇಳಿದರೆ ಮೊದಲು ನಿದ್ದೆ ಸರಿ ಮಾಡಿಕೋ. ಹಗಲು ಕಲಿತದ್ದು ತಲೆಯಲ್ಲಿ ಗಟ್ಟಿಯಾಗುವುದು ಜಾಸ್ತಿ ನಿದ್ದೆಯಲ್ಲೇ. ಥೆರಪಿಯಲ್ಲಿ ಕಲಿತದ್ದೂ ಅಷ್ಟೇ. ರಜೆ ದಿನವೂ ಒಂದೇ ಹೊತ್ತಿಗೆ ಏಳು. ನಿದ್ದೆ ಬಾರದಿದ್ದರೆ ಸುಮ್ನೆ ಹೊರಳಾಡಬೇಡ, ಎದ್ದು ಬೇರೆ ಕಡೆ ಕೂತಿದ್ದು, ಕಣ್ಣು ಎಳೆಯುವಾಗ ಬಂದು ಮಲಗು. ನಿದ್ದೆಗೆಟ್ಟವರಿಗೆಂದೇ ಇರುವ ಸಿಬಿಟಿಯಲ್ಲೂ (ಯೋಚನೆ, ಅಭ್ಯಾಸಗಳನ್ನು ಬದಲಿಸುವ ಥೆರಪಿ) ಇದನ್ನೇ ಹೇಳಿಕೊಡುತ್ತಾರೆ.

ಆಮೇಲೆ ನಡಿಗೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ಓಡಾಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿನಗೆ ಅದರಲ್ಲಿ ಇನ್ನೊಂದು ಲಾಭವಿದೆ: ಮೆಟ್ಟಿಲು ಹತ್ತಿ ಎದೆ ಬಡಿದುಕೊಂಡಾಗ, ಆ ಬಡಿತಕ್ಕೆ ಹೆದರಬೇಕಿಲ್ಲ ಅಂತ ಅಭ್ಯಾಸವಾಗುತ್ತದೆ.

ಧ್ಯಾನ ಎಲ್ಲರಿಗೂ ಒಗ್ಗುವುದಿಲ್ಲ. ಖಿನ್ನತೆ ಮರುಕಳಿಸುವವರಿಗೆ ಎಂಟು ವಾರದ ಮೈಂಡ್‌ಫುಲ್‌ನೆಸ್ (ಈ ಕ್ಷಣದಲ್ಲಿ ಆಗುತ್ತಿರುವುದನ್ನು ಸುಮ್ಮನೆ ಗಮನಿಸುವ ಧ್ಯಾನ) ತರಬೇತಿ ಉಪಯೋಗಕ್ಕೆ ಬಂದಿದೆ, ನಿಜ. ಆದರೆ ಕೆಟ್ಟ ಘಟನೆ ಅನುಭವಿಸಿದ ಕೆಲವರಿಗೆ ಕಣ್ಣು ಮುಚ್ಚಿ ಕೂತರೆ ಹಳೆಯದೆಲ್ಲ ನುಗ್ಗಿ ಬರುತ್ತದೆ. ನಿನಗೆ ಹಾಗಾದರೆ ಕಣ್ಣು ಬಿಡು, ಎದ್ದು ಓಡಾಡು, ಮುಂದಿನ ಸೆಷನ್‌ನಲ್ಲಿ ಅದನ್ನು ಹೇಳು.

ಗಿಡಮೂಲಿಕೆ ಮಾತ್ರೆ ಮಾತ್ರ ಬೇಡ. ಗಿಡದ್ದೇ ಅಲ್ವಾ, ಏನಾಗುತ್ತದೆ ಅನ್ನಬೇಡ. ಖಿನ್ನತೆಗೆ ಅಂತ ಮಾರುವ ಸೇಂಟ್ ಜಾನ್ಸ್ ವರ್ಟ್ ಅನ್ನುವ ಗಿಡಮೂಲಿಕೆಯನ್ನು ಖಿನ್ನತೆಯ ಮಾತ್ರೆಗಳ ಜೊತೆ ತೆಗೆದುಕೊಂಡರೆ ಮೈಯಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಅಪಾಯದ ಮಟ್ಟಕ್ಕೆ ಏರಬಹುದು.

ಮುಂದಿನ ಸಲ ಹೋಗುವಾಗ ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದುಕೊಂಡು ಹೋಗು: ಮಾತ್ರೆ, ಕಾಫಿ, ನಿದ್ದೆ, ವ್ಯಾಯಾಮ. ಇದರಲ್ಲಿ ಯಾವುದು ಥೆರಪಿಗೆ ನೆರವಾಗುತ್ತದೆ, ಯಾವುದು ಅಡ್ಡ ಬರುತ್ತದೆ ಅಂತ ಥೆರಪಿಸ್ಟ್‌ನ್ನು ನೇರವಾಗಿ ಕೇಳು. ಅವರು ಏನಂದರು ಅಂತ ನನಗೆ ಬರೆ.

ಇಂತಿ,
ನಿನ್ನ ಗೆಳೆಯ